ಚೀನೀ ಕಮ್ಯುನಿಸ್ಟ್ ಕಾಲದ ಆರಂಭಿಕ ನೋಟುಗಳು ಮತ್ತು ಅವುಗಳ ಸಂಗ್ರಹ

ಚೀನಾದ ಕಮ್ಯುನಿಸ್ಟ್ ಪಕ್ಷದ ಆಡಳಿತವಿದ್ದ ಪ್ರದೇಶಗಳಲ್ಲಿ 1920ರ ದಶಕದ ಕೊನೆಯಿಂದ 1955ರವರೆಗೆ ಓಡಾಡಿದ ಕಾಗದದ ಹಣವನ್ನು ನಾಣ್ಯಶಾಸ್ತ್ರಜ್ಞರು ಮೂರು ಘಟ್ಟಗಳಾಗಿ ವಿಂಗಡಿಸುತ್ತಾರೆ. ದಕ್ಷಿಣ ಚೀನಾದ ಗುಡ್ಡಗಾಡುಗಳಲ್ಲಿ ರೈತ ಸೋವಿಯತ್ತುಗಳು ಹೊರಡಿಸಿದ ನೋಟುಗಳು ಮೊದಲನೆಯವು. ಜಪಾನಿನ ವಿರುದ್ಧದ ಯುದ್ಧ ಮತ್ತು ಅದರ ಬೆನ್ನಿಗೇ ಬಂದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1937ರಿಂದ 1948ರವರೆಗೆ, ಉತ್ತರ ಮತ್ತು ಪೂರ್ವ ಚೀನಾದ ನೆಲೆಗಳಲ್ಲಿದ್ದ ಹತ್ತಾರು ಬ್ಯಾಂಕುಗಳ ನೋಟುಗಳು ಎರಡನೆಯವು. 1948ರ ಡಿಸೆಂಬರ್ 1ರಂದು ಸ್ಥಾಪನೆಯಾದ ಚೀನಾ ಜನತಾ ಬ್ಯಾಂಕಿನ ಮೊದಲ ಸರಣಿಯ ರೆನ್‌ಮಿನ್‌ಬಿ ಮೂರನೆಯದು. ಈ ನೋಟುಗಳ ಬಗ್ಗೆ ಬರೆದವರು ಸಾಮಾನ್ಯವಾಗಿ ಯಾವ ನೋಟನ್ನು ಯಾರು, ಎಂದು, ಎಲ್ಲಿ ಅಚ್ಚು ಹಾಕಿಸಿದರು ಎಂಬುದನ್ನು ಮುಂದಿಟ್ಟು, ಕೊನೆಗೆ ಅದರ ಅಪರೂಪವನ್ನೂ ಬೆಲೆಯನ್ನೂ ಹೇಳಿ ಮುಗಿಸುತ್ತಾರೆ. ಆದರೆ ಈ ಹಣವನ್ನು ಅರ್ಥಮಾಡಿಕೊಳ್ಳಲು ಅದು ಹೊರಬಂದ ಕಥೆಗಿಂತ ಮರಳಿ ಹೋದ ಕಥೆ ಹೆಚ್ಚು ನೆರವಾಗುತ್ತದೆ. ಒಂದು ನೋಟು ಜನರ ಕೈಯಿಂದ ಬ್ಯಾಂಕಿಗೆ ಹೇಗೆ ಮರಳಿತು, ಮರಳದೆ ಉಳಿದದ್ದು ಏಕೆ ಉಳಿಯಿತು ಎಂದು ಕೇಳಿದರೆ ಅದರ ಅಪರೂಪಕ್ಕೆ ಕಾರಣ ತಿಳಿಯುತ್ತದೆ. ಹೊರಡಿಸಿದವರು ಕೊಟ್ಟ ಮಾತು ಎಷ್ಟರ ಮಟ್ಟಿಗೆ ನಡೆಯಿತು ಎಂಬುದೂ ಅದರೊಂದಿಗೇ ತಿಳಿಯುತ್ತದೆ. ಈ ಲೇಖನ ಮೂರೂ ಘಟ್ಟಗಳನ್ನು ಆ ದಿಕ್ಕಿನಿಂದ ಪರಿಶೀಲಿಸುತ್ತದೆ.

ಸೋವಿಯತ್ ಘಟ್ಟ

ಕಮ್ಯುನಿಸ್ಟರ ಹಣ ಆರಂಭವಾದದ್ದು ತೀರಾ ಸ್ಥಳೀಯ ಮಟ್ಟದಲ್ಲಿ. ಜಿಯಾಂಗ್ಶಿ ಪ್ರಾಂತದ ದೊಂಗ್ಗುವಿನಲ್ಲಿ 1929ರಲ್ಲಿ ಜನಸಾಮಾನ್ಯರ ಹೆಸರಿನಲ್ಲಿ ಒಂದು ಬ್ಯಾಂಕು ಹುಟ್ಟಿತು. ಪಶ್ಚಿಮ ಫುಜಿಯಾನಿನ ಲೊಂಗ್ಯಾನ್‌ನಲ್ಲಿ 1930ರ ನವೆಂಬರಿನಲ್ಲಿ ಕಾರ್ಮಿಕ-ರೈತ ಬ್ಯಾಂಕು ತೆರೆಯಿತು. 1931ರ ನವೆಂಬರ್ 7ರಂದು ರುಯಿಜಿನ್ ಪಟ್ಟಣವನ್ನು ರಾಜಧಾನಿ ಮಾಡಿಕೊಂಡು ಚೀನೀ ಸೋವಿಯತ್ ಗಣರಾಜ್ಯ ಘೋಷಣೆಯಾಯಿತು. ಮುಂದಿನ ಫೆಬ್ರುವರಿ 1ರಂದು ಅದರ ರಾಷ್ಟ್ರೀಯ ಬ್ಯಾಂಕು ಬಾಗಿಲು ತೆರೆಯಿತು. ಮಾವೋ ಜೆಡಾಂಗರ ತಮ್ಮ ಮಾವೋ ಜೆಮಿನ್ ಅದರ ಅಧ್ಯಕ್ಷರಾದರು. 5 ಫೆನ್‌ನಿಂದ 1 ಯುವಾನ್‌ವರೆಗೆ ಐದು ಮುಖಬೆಲೆಗಳಲ್ಲಿ ನೋಟು ಹೊರಟವು. 1 ಯುವಾನ್ ನೋಟಿನ ಮೇಲೆ ಲೆನಿನ್ನರ ಚಿತ್ರವಿತ್ತು. ಹಣಕಾಸಿನ ಹೊಣೆ ಹೊತ್ತಿದ್ದ ಡೆಂಗ್ ಜಿಹುಯಿ ಮತ್ತು ಮಾವೋ ಜೆಮಿನ್ ಇಬ್ಬರ ಸಹಿಗಳನ್ನೂ ನಕಲು ಮಾಡಲು ಕಷ್ಟವಾಗುವಂತೆ ಲ್ಯಾಟಿನ್ ಅಕ್ಷರಗಳ ಬಳುಕಿನಲ್ಲಿ ಹೆಣೆಯಲಾಗಿತ್ತು. ಇವನ್ನು ಬರೆದ ಕಲಾವಿದ ಹುವಾಂಗ್ ಯಾಗುವಾಂಗ್. 1931ರಲ್ಲಿ ಪಶ್ಚಿಮ ಫುಜಿಯಾನಿನಲ್ಲಿ ಪಕ್ಷದೊಳಗೇ ನಡೆದ ಶುದ್ಧೀಕರಣದಲ್ಲಿ ಅವರು ಸುಳ್ಳು ಆರೋಪಕ್ಕೆ ಸಿಕ್ಕಿ ಮರಣದಂಡನೆಯ ಅಂಚಿಗೆ ಹೋಗಿದ್ದರು. ಚಿತ್ರ ಬರೆಯುವ ಕೈ ಅವರ ಜೀವ ಉಳಿಸಿತು. ಮುಂದೆ ಯೆನಾನ್‌ನ ಗಡಿಪ್ರದೇಶ ಬ್ಯಾಂಕಿನ ಮುಖ್ಯಸ್ಥರಾಗುವವರೆಗೂ ಅವರು ಬೆಳೆದರು. ನೋಟು ಅಚ್ಚು ಹಾಕುವ ವಿದ್ಯೆ ಬಲ್ಲವರು ಆ ಗುಡ್ಡಗಳಲ್ಲಿ ಎಷ್ಟು ವಿರಳವಾಗಿದ್ದರು ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ರುಯಿಜಿನ್ ನೋಟುಗಳು ಬೆಳ್ಳಿಯ ನಾಣ್ಯಕ್ಕೆ ಬದಲಾಗುತ್ತವೆ ಎಂಬ ಮಾತಿನ ಮೇಲೆ ನಿಂತಿದ್ದವು. ದೇಶವನ್ನು ಆಳುತ್ತಿದ್ದ ಕ್ವೊಮಿಂಟಾಂಗ್ ಪಕ್ಷದ ಸೇನೆಯ ದಿಗ್ಬಂಧನ ಬಿಗಿಯಾಗಿ ಯುದ್ಧದ ಖರ್ಚು ಏರಿದಂತೆ ಆ ಮಾತನ್ನು ನಡೆಸುವುದು ಕಷ್ಟವಾಯಿತು. 1934ರ ಅಕ್ಟೋಬರಿನಲ್ಲಿ ಕೆಂಪು ಸೇನೆ ಮಹಾನಡಿಗೆಗೆ ಹೊರಟಾಗ ಬ್ಯಾಂಕು ಬೆಳ್ಳಿ, ಕಾಗದ, ಅಚ್ಚಿನ ಸಾಮಗ್ರಿಗಳನ್ನು ಹೊತ್ತುಕೊಂಡು ಸೇನೆಯ ಜೊತೆಗೇ ನಡೆಯಿತು. ಇಲ್ಲಿಂದ ಮುಂದೆ ಒಂದೇ ನೋಟಿಗೆ ಎರಡು ಬಗೆಯ ಕೊನೆಗಳು ಕಾಣಿಸುತ್ತವೆ. 1935ರ ಜನವರಿಯಲ್ಲಿ ಗುಯಿಜೋವಿನ ಜುನ್ಯಿ ಪಟ್ಟಣದಲ್ಲಿ ಸೇನೆ ಸುಮಾರು ಹನ್ನೆರಡು ದಿನ ತಂಗಿದಾಗ ಸೈನಿಕರು ಇದೇ ನೋಟುಗಳಿಂದ ಸಾಮಾನು ಕೊಂಡರು. ಅಲ್ಲಿ ಉಪ್ಪಿಗೆ ಬಹಳ ಬೆಲೆಯಿತ್ತು. ಊರು ಬಿಡುವ ಮುನ್ನ ಬ್ಯಾಂಕು ವಶಪಡಿಸಿಕೊಂಡಿದ್ದ ಉಪ್ಪನ್ನೂ ಬೆಳ್ಳಿಯನ್ನೂ ಕೊಟ್ಟು ಜನರ ಕೈಯಲ್ಲಿದ್ದ ನೋಟುಗಳನ್ನು ವಾಪಸು ಪಡೆಯಿತು. ರುಯಿಜಿನ್ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಉಳಿದ ನೋಟುಗಳಿಗೆ ಅಂಥ ಬಿಡುಗಡೆ ಸಿಗಲಿಲ್ಲ. ಮರಳಿ ಬಂದ ಸರ್ಕಾರದ ಕಣ್ಣಿಗೆ ಅವು ಅಪರಾಧದ ಪುರಾವೆ. ಹಲವರು ಸುಟ್ಟರು, ಕೆಲವರು ಗೋಡೆಯೊಳಗೂ ಮಣ್ಣಿನ ಮಡಕೆಗಳಲ್ಲೂ ಬಚ್ಚಿಟ್ಟರು. 1949ರ ನಂತರ ಹೊಸ ಸರ್ಕಾರ ಹಳೆಯ ಸೋವಿಯತ್ ನೋಟುಗಳನ್ನು ಬದಲಾಯಿಸಿಕೊಟ್ಟಾಗ ಹೀಗೆ ಬಚ್ಚಿಟ್ಟವುಗಳಲ್ಲೂ ಹಲವು ಬ್ಯಾಂಕು ಸೇರಿದವು. ಇಂದು ಸಂಗ್ರಾಹಕರ ಕೈಗೆ ಬರುವ ಲೆನಿನ್ ನೋಟು ಈ ಎರಡು ಜರಡಿಗಳನ್ನೂ ದಾಟಿ ಬಂದದ್ದು. ಅದರ ಮಡಿಕೆಯ ಗೆರೆ, ಹುಳು ಕೊರೆದ ತೂತು, ಮಣ್ಣಿನ ಕಲೆ ಆ ದಾರಿಯ ಗುರುತುಗಳು.

ಇದೇ ಕಾಲದ ಸಿಚುವಾನ್-ಶಾನ್ಶಿ ಸೋವಿಯತ್ತಿನ ಹಣ ಬೇರೆ ಬಗೆಯ ಪಾಠ ಕೊಡುತ್ತದೆ. ತೊಂಗ್ಜಿಯಾಂಗ್ ಸುತ್ತ ನೆಲೆಯೂರಿದ್ದ, ಕೆಂಪು ಸೇನೆಯ ಭಾಗವಾದ ನಾಲ್ಕನೆಯ ರಂಗದ ಸೇನೆ ಕಾಗದ ಸಾಲದಾದಾಗ ಬಟ್ಟೆಯ ಮೇಲೆ ಅಚ್ಚು ಹಾಕಿತು. 1933ರ ಮೂರು ಚುವಾನ್ ಮುಖಬೆಲೆಯ ಬಟ್ಟೆ ನೋಟುಗಳು ಇವುಗಳಲ್ಲಿ ಪ್ರಸಿದ್ಧ. ಚುವಾನ್ ಎಂದರೆ ದಾರದಲ್ಲಿ ಪೋಣಿಸಿದ ತಾಮ್ರದ ಕಾಸುಗಳ ಸರ. ಬೆಳ್ಳಿಯ ಯುವಾನ್ ಬಿಟ್ಟು ಈ ಹಳೆಯ ಲೆಕ್ಕವನ್ನು ಬಳಸಿದ್ದರಿಂದಲೇ ಆ ಗುಡ್ಡಗಳ ರೈತರು ದಿನನಿತ್ಯ ಯಾವ ಲೆಕ್ಕದಲ್ಲಿ ವ್ಯವಹರಿಸುತ್ತಿದ್ದರು ಎಂದು ತಿಳಿಯುತ್ತದೆ. ನೋಟಿನ ಮೇಲೆ ಜಗತ್ತಿನ ಶ್ರಮಜೀವಿಗಳ ಒಗ್ಗಟ್ಟಿಗೆ ಕರೆ ಕೊಡುವ ಘೋಷಣೆಯಿದೆ, ಲೆಕ್ಕ ಮಾತ್ರ ಹಳ್ಳಿಯ ಸಂತೆಯದು. ಬಟ್ಟೆ ಕಾಗದಕ್ಕಿಂತ ಹೆಚ್ಚು ಬಾಳಿಕೆ ಬರುವುದರಿಂದ ಈ ನೋಟುಗಳು ಅದೇ ಕಾಲದ ತೆಳು ಕಾಗದದ ನೋಟುಗಳಿಗಿಂತ ಚೆನ್ನಾಗಿ ಉಳಿದಿವೆ. ನೋಟು ಉಳಿಯುವುದಕ್ಕೆ ರಾಜಕೀಯದಷ್ಟೇ ಅದನ್ನು ಮಾಡಿದ ವಸ್ತುವೂ ಕಾರಣ ಎಂಬುದನ್ನು ಸಂಗ್ರಾಹಕ ಇಲ್ಲಿ ಗಮನಿಸಬೇಕು.

ಗಡಿಪ್ರದೇಶಗಳ ಘಟ್ಟ

1937ರಲ್ಲಿ ಜಪಾನಿನ ವಿರುದ್ಧ ಕ್ವೊಮಿಂಟಾಂಗ್ ಮತ್ತು ಕಮ್ಯುನಿಸ್ಟರು ಒಂದಾದಾಗ ಯೆನಾನ್ ಕೇಂದ್ರವಾಗಿದ್ದ ಶಾನ್ಶಿ-ಗಾನ್ಸು-ನಿಂಗ್ಶಿಯಾ ಗಡಿಪ್ರದೇಶ ತನ್ನದೇ ನೋಟು ಹೊರಡಿಸುವ ಹಕ್ಕನ್ನು ಬಿಟ್ಟುಕೊಟ್ಟಿತು. ನಾನ್‌ಜಿಂಗ್ ಕ್ವೊಮಿಂಟಾಂಗ್ ಸರ್ಕಾರ 1935ರಲ್ಲಿ ತಂದಿದ್ದ ಫಾಬಿ ಎಂಬ ಹಣವೇ ಅಲ್ಲಿಯೂ ನಡೆಯಿತು. ಆದರೆ ಚಿಲ್ಲರೆಯ ಅಭಾವ ವಿಪರೀತವಾಗಿತ್ತು. ಆಗ 1938ರಲ್ಲಿ ಬ್ಯಾಂಕಿನ ಬದಲು ಗುವಾಂಗ್ಹುವಾ ಎಂಬ ಅಂಗಡಿಯ ಹೆಸರಿನಲ್ಲಿ ಸಣ್ಣ ಮುಖಬೆಲೆಯ ಚೀಟಿಗಳು ಹೊರಟವು. ಮುಂದೆ ಈ ಸಾಲಿಗೆ ಏಳೂವರೆ ಜಿಯಾವೊ (ಮುಕ್ಕಾಲು ಯುವಾನ್) ಎಂಬ ವಿಚಿತ್ರ ಮುಖಬೆಲೆಯೂ ಸೇರಿತು. ಬ್ಯಾಂಕು ಮಾಡಲಾಗದ್ದನ್ನು ಅಂಗಡಿ ಮಾಡಿತು. 1941ರ ಜನವರಿಯಲ್ಲಿ ಕಮ್ಯುನಿಸ್ಟರ ಹೊಸ ನಾಲ್ಕನೆಯ ಸೇನೆಯ ಮೇಲೆ ಕ್ವೊಮಿಂಟಾಂಗ್ ಪಡೆಗಳು ಮುಗಿಬಿದ್ದ ಮೇಲೆ ಆ ಮೈತ್ರಿ ಹೆಸರಿಗಷ್ಟೇ ಉಳಿಯಿತು, ಯೆನಾನ್‌ಗೆ ಬರುತ್ತಿದ್ದ ಹಣವೂ ನಿಂತಿತು. ಅದೇ ವರ್ಷದ ಆರಂಭದಲ್ಲಿ ಗಡಿಪ್ರದೇಶ ಬ್ಯಾಂಕು ತನ್ನ ಹೆಸರಿನಲ್ಲೇ ನೋಟು ಹೊರಡಿಸಿ ಫಾಬಿಯ ಚಲಾವಣೆಯನ್ನು ನಿಷೇಧಿಸಿತು. ಅಂಗಡಿ ಚೀಟಿಯನ್ನೂ ಬ್ಯಾಂಕ್ ನೋಟನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಒಪ್ಪಂದ ಕಟ್ಟಿಕೊಂಡದ್ದೂ ಕಳಚಿಕೊಂಡದ್ದೂ ಕಣ್ಣಿಗೆ ಕಾಣುತ್ತದೆ. ಹೊರಗಿನ ಕಾಗದ ಸಿಗದೆ ಆ ಪ್ರದೇಶದಲ್ಲಿ ಮಾಲಾನ್ ಎಂಬ ಕಾಡುಹುಲ್ಲಿನಿಂದ ಕಾಗದ ತಯಾರಿಸಿದರು. ಒರಟು ಮೈ, ನಡುನಡುವೆ ಕಾಣುವ ಹುಲ್ಲಿನ ನಾರು, ಮಂಕಾದ ಶಾಯಿ ಈ ಕಾಲದ ನೋಟುಗಳ ಸಹಜ ಲಕ್ಷಣ. ಅವು ದಿಗ್ಬಂಧನದ ಮುದ್ರೆಗಳು. ಇವನ್ನು ದೋಷವೆಂದು ಎಣಿಸುವುದು ತಪ್ಪು.

ಜಪಾನೀ ಸೇನೆಯ ಬೆನ್ನಿಗೆ ಇದ್ದ ಇತರ ನೆಲೆಗಳಲ್ಲಿ ಬ್ಯಾಂಕುಗಳು ಒಂದೊಂದಾಗಿ ಹುಟ್ಟಿದವು. 1938ರ ಮಾರ್ಚಿನಲ್ಲಿ ಶಾಂಶಿಯ ವುತಾಯ್ ಗುಡ್ಡಗಳಲ್ಲಿ ಜಿನ್-ಚಾ-ಜಿ ಗಡಿಪ್ರದೇಶ ಬ್ಯಾಂಕು, ಅದೇ ವರ್ಷ ಶಾನ್‌ಡಾಂಗ್‌ನಲ್ಲಿ ಬೆಯ್ಹಾಯ್ ಬ್ಯಾಂಕು, 1939ರಲ್ಲಿ ದಕ್ಷಿಣ ಹೆಬೆಯ್ ಬ್ಯಾಂಕು, 1940ರಲ್ಲಿ ವಾಯವ್ಯ ರೈತರ ಬ್ಯಾಂಕು ಸ್ಥಾಪನೆಯಾದವು. ಎದುರಿಗೆ ಜಪಾನೀಯರು ಬೆಯ್ಪಿಂಗ್‌ನಲ್ಲಿ ನಿಲ್ಲಿಸಿದ್ದ ಕೈಗೊಂಬೆ ಬ್ಯಾಂಕಿನ ನೋಟುಗಳಿದ್ದವು, ಪಕ್ಕದಲ್ಲಿ ಫಾಬಿ ಇತ್ತು. ಒಂದೇ ಸಂತೆಯಲ್ಲಿ ಮೂರು ಸರ್ಕಾರಗಳ ಹಣ ಸೆಣಸುತ್ತಿತ್ತು. ಬೆಯ್ಹಾಯ್ ಬ್ಯಾಂಕಿನ ಅನೇಕ ನೋಟುಗಳ ಮೇಲೆ ಜಿಯಾವೊದೊಂಗ್, ಬಿನ್ಹಾಯ್ ಮುಂತಾದ ಜಿಲ್ಲೆಗಳ ಹೆಸರನ್ನು ಅಚ್ಚು ಮಾಡಿರುವುದು ಇದೇ ಕಾರಣಕ್ಕೆ. ದಕ್ಷಿಣ ಹೆಬೆಯ್ ಬ್ಯಾಂಕಿನ ನೋಟುಗಳ ಮೇಲೂ ತಾಯ್ಹಾಂಗ್, ತಾಯ್ಯುಯೆ ಎಂಬ ಬೆಟ್ಟಸಾಲುಗಳ ಹೆಸರುಗಳಿವೆ. ಒಂದು ನೆಲೆ ಶತ್ರುವಿನ ಪಾಲಾದರೂ ಅಲ್ಲಿನ ನೋಟು ಇನ್ನೊಂದು ನೆಲೆಗೆ ಹರಿದು ಬಂದು ಅಲ್ಲಿನ ಸರಕನ್ನು ಸೆಳೆದುಕೊಳ್ಳಬಾರದು ಎಂಬ ಎಚ್ಚರ ಇದರ ಹಿಂದಿದೆ. ಶಾನ್‌ಡಾಂಗ್‌ನಲ್ಲಿ ಅರ್ಥಶಾಸ್ತ್ರಜ್ಞ ಶ್ಯುಯೆ ಮುಚಿಯಾವೊ 1943ರಿಂದ ಫಾಬಿಯನ್ನು ಹೊರದೂಡಿ, ನೋಟಿಗೆ ಬೆಳ್ಳಿಯ ಬದಲು ಧಾನ್ಯ, ಹತ್ತಿ, ಬಟ್ಟೆ, ಕಡಲೆಕಾಯಿಗಳ ದಾಸ್ತಾನನ್ನು ಆಧಾರವಾಗಿ ಕೊಟ್ಟರು. ಬೆಲೆ ಏರಿದಾಗ ದಾಸ್ತಾನು ಮಾರಿ ನೋಟು ಹಿಂತೆಗೆದುಕೊಳ್ಳುವುದು, ಇಳಿದಾಗ ನೋಟು ಕೊಟ್ಟು ಸರಕು ಕೊಳ್ಳುವುದು ಅವರ ಕ್ರಮ. ಹಿಂತೆಗೆಯುವಿಕೆ ಹೀಗೆ ಹಣದ ದಿನನಿತ್ಯದ ಕೆಲಸವಾಯಿತು. ಹಣದ ಇತಿಹಾಸವನ್ನು ಮರಳುವಿಕೆಯ ಕಡೆಯಿಂದ ಓದಬೇಕು ಎನ್ನುವುದಕ್ಕೆ ಶಾನ್‌ಡಾಂಗ್‌ನ ಈ ಪ್ರಯೋಗ ಬಲವಾದ ಸಮರ್ಥನೆ. ಭಾರತೀಯ ಓದುಗರಿಗೆ ಈ ನೆಲೆಗಳು ತೀರಾ ಅಪರಿಚಿತವಲ್ಲ. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸು 1938ರಲ್ಲಿ ಕಳಿಸಿದ ವೈದ್ಯ ತಂಡದಲ್ಲಿದ್ದ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಸೇವೆ ಸಲ್ಲಿಸಿ 1942ರ ಡಿಸೆಂಬರ್ 9ರಂದು ಪ್ರಾಣಬಿಟ್ಟದ್ದು ಜಿನ್-ಚಾ-ಜಿ ನೋಟುಗಳು ಓಡಾಡುತ್ತಿದ್ದ ಈ ಸೀಮೆಯಲ್ಲೇ.

ಜನತಾ ಬ್ಯಾಂಕಿನ ಮೊದಲ ಸರಣಿ

1948ರ ಕೊನೆಯ ಹೊತ್ತಿಗೆ ನೆಲೆಗಳು ಒಂದಕ್ಕೊಂದು ಕೂಡಿಕೊಂಡು, ಸೇನೆಗಳು ಪ್ರಾಂತದಿಂದ ಪ್ರಾಂತಕ್ಕೆ ಸಾಗುತ್ತಿದ್ದಾಗ, ಹತ್ತಾರು ಬಗೆಯ ನೋಟುಗಳು ಆಡಳಿತಕ್ಕೆ ಹೊರೆಯಾದವು. ಉತ್ತರ ಚೀನಾ ಬ್ಯಾಂಕು, ಬೆಯ್ಹಾಯ್ ಬ್ಯಾಂಕು ಮತ್ತು ವಾಯವ್ಯ ರೈತರ ಬ್ಯಾಂಕುಗಳನ್ನು ಕೂಡಿಸಿ ಷಿಜಿಯಾಜುವಾಂಗ್‌ನಲ್ಲಿ ಚೀನಾ ಜನತಾ ಬ್ಯಾಂಕನ್ನು ಸ್ಥಾಪಿಸಲಾಯಿತು.  ನಾನ್ ಹಾನ್‌ಚೆನ್ ಬ್ಯಾಂಕಿನ ಮೊದಲ ಮುಖ್ಯಸ್ಥರು. ನೋಟಿನ ಮೇಲಿನ ಬ್ಯಾಂಕಿನ ಹೆಸರನ್ನು ಕುಂಚದಲ್ಲಿ ಬರೆದವರು ಪಕ್ಷದ ನಾಯಕ ಡಾಂಗ್ ಬಿವು. ಮೊದಲ ದಿನ 10, 20, 50 ಯುವಾನ್ ನೋಟುಗಳು ಹೊರಬಂದವು. ಅಂದೇ ಹಳೆಯ ನೋಟುಗಳ ವಿನಿಮಯ ದರವೂ ಪ್ರಕಟವಾಯಿತು. ಹೊಸ 1 ಯುವಾನ್‌ಗೆ ದಕ್ಷಿಣ ಹೆಬೆಯ್ ಮತ್ತು ಬೆಯ್ಹಾಯ್ ನೋಟು 100, ಜಿನ್-ಚಾ-ಜಿ ನೋಟು 1,000, ವಾಯವ್ಯ ರೈತರ ಬ್ಯಾಂಕಿನ ನೋಟು 2,000. ಈ ಮೂರು ಅಂಕಿಗಳೇ ಪ್ರತಿ ನೆಲೆಯ ಹಣಕಾಸಿನ ಅಂಕಪಟ್ಟಿ. ಸರಕಿನ ಆಧಾರವಿದ್ದ ಶಾನ್‌ಡಾಂಗ್‌ನ ಹಣ ಹೆಚ್ಚು ತೂಕ ಉಳಿಸಿಕೊಂಡಿತ್ತು. ಒಣ ನೆಲದ, ದಿಗ್ಬಂಧನದಲ್ಲಿ ನಲುಗಿದ ವಾಯವ್ಯದ ಹಣ ಕರಗಿಹೋಗಿತ್ತು.

ಮೊದಲ ಸರಣಿಯಲ್ಲಿ 1 ಯುವಾನ್‌ನಿಂದ 50,000 ಯುವಾನ್‌ವರೆಗೆ 12 ಮುಖಬೆಲೆಗಳ 62 ವಿನ್ಯಾಸಗಳಿವೆ. ಆರಂಭದ ನೋಟುಗಳ ಮೇಲೆ ಚೀನಾ ಗಣರಾಜ್ಯದ 37 ಮತ್ತು 38ನೆಯ ವರ್ಷ ಎಂದು ಹಳೆಯ ಸರ್ಕಾರದ ಪಂಚಾಂಗದಂತೆಯೇ ಇಸವಿ ಹಾಕಿದೆ. ನಂತರದವುಗಳಲ್ಲಿ 1949, 1950, 1951, 1953 ಎಂಬ ಇಸವಿಗಳಿವೆ. ಹೊಸ ರಾಜ್ಯ ತನ್ನ ಕಾಲವನ್ನು ತಾನೇ ಎಣಿಸಲು ತೊಡಗಿದ ಗಳಿಗೆ ಈ ನೋಟುಗಳಲ್ಲಿ ದಾಖಲಾಗಿದೆ. ಹೊಲ, ನೀರೆತ್ತುವ ಯಂತ್ರ, ರೈಲು, ಹಡಗು, ಕಾರ್ಖಾನೆ ಇವುಗಳ ಚಿತ್ರಗಳಿವೆ, ಮಾವೋ ಚಿತ್ರವಿಲ್ಲ. ಕೆಲವು ಪ್ರಾದೇಶಿಕ ಬ್ಯಾಂಕುಗಳು ಅವರ ಮುಖವನ್ನು ನೋಟಿಗೆ ಹಾಕಿದ್ದರೂ ಕೇಂದ್ರದ ಹಣಕ್ಕೆ ಅವರು ಅದನ್ನು ಒಪ್ಪಲಿಲ್ಲ. ಹೊಸ ಹಣ ಹಬ್ಬಿದಂತೆ ಉಳಿದವನ್ನು ಒಂದೊಂದಾಗಿ ಹಿಂತೆಗೆಯಲಾಯಿತು. 1949ರ ಮೇ ಕೊನೆಯಲ್ಲಿ ಶಾಂಘಾಯ್ ಕೈಗೆ ಬಂದಾಗ ಕ್ವೊಮಿಂಟಾಂಗ್‌ನ 1,00,000 ಚಿನ್ನದ ಯುವಾನ್‌ಗೆ 1 ರೆನ್‌ಮಿನ್‌ಬಿ ಕೊಡಲಾಯಿತು. ಈಶಾನ್ಯ ಮತ್ತು ಒಳಮಂಗೋಲಿಯಾದ ನೋಟುಗಳನ್ನು 1951ರಲ್ಲಿ 9.5ಕ್ಕೆ 1ರಂತೆ ಬದಲಾಯಿಸಲಾಯಿತು. ಅದೇ ವರ್ಷ ಹುಲ್ಲುಗಾವಲ ಸೀಮೆಗಳಿಗಾಗಿ ಮಂಗೋಲ್ ಮತ್ತು ಉಯ್ಗುರ್ ಲಿಪಿಗಳುಳ್ಳ ನೋಟುಗಳು ಬಂದವು. 5,000 ಯುವಾನಿನ ಮಂಗೋಲ್ ಗುಡಾರ, 10,000 ಯುವಾನಿನ ಕುದುರೆ ಮೇಯಿಸುವ ಚಿತ್ರ ಮತ್ತು ಒಂಟೆ ಸಾಲು, 500 ಯುವಾನಿನ ಜಾಂದೆ ಕೋಟೆ ಇವುಗಳಲ್ಲಿ ಸೇರಿವೆ. 1955ರ ಮಾರ್ಚ್ 1ರಂದು ಎರಡನೆಯ ಸರಣಿ ಬಂದು, ಹಳೆಯ 10,000 ಯುವಾನ್‌ಗೆ ಹೊಸ 1 ಯುವಾನ್ ನಿಗದಿಯಾಯಿತು. ಮೇ 10ಕ್ಕೆ ಮೊದಲ ಸರಣಿಯ ಚಲಾವಣೆ ಮುಗಿಯಿತು. ಹುಲ್ಲುಗಾವಲ ನೋಟುಗಳು ಕಡಿಮೆ ಸಂಖ್ಯೆಯಲ್ಲಿ, ಸೀಮಿತ ಪ್ರದೇಶದಲ್ಲಿ, ನಾಲ್ಕೇ ವರ್ಷ ನಡೆದು ಮರಳಿದವು. ಇಂದು ಸಂಗ್ರಾಹಕರು ಹನ್ನೆರಡು ರತ್ನಗಳು ಎಂದು ಕರೆಯುವ ಪಟ್ಟಿಯಲ್ಲಿ ಅವು ಮುಂಚೂಣಿಯಲ್ಲಿರುವುದಕ್ಕೆ ಕಾರಣ ಇಷ್ಟೇ. ಎರಡನೆಯ ಸರಣಿಯಲ್ಲೂ ಇದೇ ನಿಯಮ ಕಾಣುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಅಚ್ಚಾದ 1953ರ ಇಸವಿಯ 3, 5, 10 ಯುವಾನ್ ನೋಟುಗಳನ್ನು ಎರಡೂ ದೇಶಗಳ ಸಂಬಂಧ ಹಳಸಿದ ಮೇಲೆ 1964ರಲ್ಲಿ ಒಂದೇ ತಿಂಗಳ ಗಡುವಿನಲ್ಲಿ ಹಿಂತೆಗೆದರು. ಅದರಿಂದಲೇ ಅಂದಿನ 10 ಯುವಾನ್ ನೋಟು ಇಂದು ಅಷ್ಟು ದುಬಾರಿ.

ಆಕ್ಷೇಪಗಳು ಮತ್ತು ಉತ್ತರಗಳು

ಈ ವಾದಕ್ಕೆ ಮೊದಲ ಆಕ್ಷೇಪ ಸರಳವಾದದ್ದು. ಹೆಚ್ಚು ಅಚ್ಚಾದ ನೋಟು ಹೆಚ್ಚು ಉಳಿಯುತ್ತದೆ, ಕಡಿಮೆ ಅಚ್ಚಾದದ್ದು ಕಡಿಮೆ ಉಳಿಯುತ್ತದೆ, ಇದರಲ್ಲಿ ಮರಳುವಿಕೆಯ ಪ್ರಶ್ನೆ ಏಕೆ ಎನ್ನಬಹುದು. ಅಚ್ಚಿನ ಸಂಖ್ಯೆ ಮುಖ್ಯವೇ, ಅನುಮಾನವಿಲ್ಲ. ಆದರೆ ಅದೊಂದೇ ಸಾಲದು. 1948ರ ಆಗಸ್ಟಿನಲ್ಲಿ 30 ಲಕ್ಷ ಫಾಬಿಗೆ 1ರಂತೆ ಬಂದ ಚಿನ್ನದ ಯುವಾನ್ ಒಂದು ವರ್ಷವೂ ಬಾಳದೆ ಕುಸಿಯಿತು. ಮೊದಲ ಸರಣಿಯ ರೆನ್‌ಮಿನ್‌ಬಿ ಆರು ವರ್ಷಕ್ಕೂ ಹೆಚ್ಚು ಕಾಲ ದೇಶದ ಬಹುಭಾಗದಲ್ಲಿ ಓಡಾಡಿತು. ಆದರೂ ಇಂದು ಚಿನ್ನದ ಯುವಾನ್ ನೋಟುಗಳು ಹೆಚ್ಚಿನವು ಅಗ್ಗವಾಗಿ ಸಿಗುತ್ತವೆ, ಮೊದಲ ಸರಣಿಯ ಪೂರ್ಣ ಗುಚ್ಛ ಜೋಡಿಸುವುದು ಜೀವಮಾನದ ಕೆಲಸ. ಚಿನ್ನದ ಯುವಾನನ್ನು ಬದಲಾಯಿಸಲು ಸಾಲು ನಿಂತು ಪಡೆಯುವಷ್ಟು ಬೆಲೆ ಅದಕ್ಕಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಬಿಟ್ಟರೂ ನಷ್ಟವಿಲ್ಲದ ಕಾರಣ ಅದು ಉಳಿಯಿತು. 1955ರಲ್ಲಿ ಹಳೆಯ ರೆನ್‌ಮಿನ್‌ಬಿಯನ್ನು ಮನೆಯಲ್ಲಿಟ್ಟುಕೊಳ್ಳುವುದೆಂದರೆ ಬದಲಾಯಿಸಿದರೆ ಸಿಗುವ ಅಕ್ಕಿಯನ್ನು ಬಿಟ್ಟಂತೆ. ಆದ್ದರಿಂದ ಅದು ಮರಳಿ ಹೋಯಿತು. ಈ ಹೋಲಿಕೆಯಲ್ಲಿ ಕೈಗೆ ಸುಲಭವಾಗಿ ಸಿಗುವ ನೋಟು ಮುರಿದ ಮಾತಿನ ಕುರುಹು, ಅಪರೂಪದ ನೋಟು ನಡೆಸಿಕೊಟ್ಟ ಮಾತಿನ ಕುರುಹು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಈ ಮಾತು ನಿಜವಾಗಿಯೂ ನಡೆಯಿತೇ? 1,000ಕ್ಕೆ 1 ಅಥವಾ 2,000ಕ್ಕೆ 1ರಂತೆ ಬದಲಾಯಿಸಿದರೆ ಹಳೆಯ ನೋಟನ್ನು ಮೊದಲು ಪಡೆದ ರೈತನಿಗೆ ಸಿಕ್ಕಿದ್ದು ಎಷ್ಟು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಗಡಿಪ್ರದೇಶಗಳಲ್ಲಿ ಹಣದುಬ್ಬರ ತೀವ್ರವಾಗಿತ್ತು. ರೆನ್‌ಮಿನ್‌ಬಿ ಬಂದ ಮೇಲೂ 1949ರಿಂದ 1950ರ ಆರಂಭದವರೆಗೆ ನಾಲ್ಕು ಬಾರಿ ಬೆಲೆಗಳು ಭುಗಿಲೆದ್ದವು. 1950ರ ಮಾರ್ಚಿನ ನಂತರವೇ ಅವು ಹಿಡಿತಕ್ಕೆ ಬಂದದ್ದು. ಯುದ್ಧದ ಖರ್ಚಿನ ದೊಡ್ಡ ಪಾಲನ್ನು ಜನರು ನೋಟಿನ ಮೂಲಕವೇ ತೆತ್ತರು. ಹಾಗಾಗಿ ಮರಳಿ ಪಡೆದದ್ದನ್ನು ಪೂರ್ಣ ಪ್ರಾಮಾಣಿಕತೆಯ ಪ್ರಮಾಣಪತ್ರ ಎನ್ನಲಾಗದು. ಅದು ಒಂದು ಸೀಮಿತ, ಆದರೆ ಮುಖ್ಯವಾದ ಸಂಗತಿಯನ್ನು ಮಾತ್ರ ಸ್ಥಾಪಿಸುತ್ತದೆ. ಸೋವಿಯತ್ ನೋಟನ್ನು ಕೈಬಿಟ್ಟ ಮಹಾನಡಿಗೆಯ ಕಾಲದಿಂದ, ಪ್ರತಿ ನೋಟಿಗೂ ಪ್ರಕಟಿತ ದರ ನಿಗದಿ ಮಾಡಿದ 1948ರವರೆಗೆ, ಈ ಆಡಳಿತ ತನ್ನ ಹಳೆಯ ಚೀಟಿಗಳಿಗೆ ಹೊಣೆ ಹೊರುವುದನ್ನು ಕಲಿತುಕೊಂಡಿತು. ಜುನ್ಯಿಯ ಉಪ್ಪಿನಿಂದ ಶಾನ್‌ಡಾಂಗ್‌ನ ಕಡಲೆಕಾಯಿಯವರೆಗೆ ಆ ಕಲಿಕೆಯ ಮೆಟ್ಟಿಲುಗಳಿವೆ. ನಷ್ಟದ ಲೆಕ್ಕವನ್ನೂ ಕಲಿಕೆಯ ಲೆಕ್ಕವನ್ನೂ ಒಟ್ಟಿಗೆ ಓದಬೇಕು. ಎರಡಕ್ಕೂ ಪುರಾವೆ ಇರುವುದು ನೋಟುಗಳ ಮೇಲೆಯೇ.

ಮಾರುಕಟ್ಟೆಯ ಬೆಲೆಯೇ ಸಾಕಲ್ಲವೇ, ಅದರಲ್ಲಿ ಅಪರೂಪ, ಸ್ಥಿತಿ, ಬೇಡಿಕೆ ಎಲ್ಲವೂ ಸೇರಿದೆಯಲ್ಲ ಎಂಬುದು ಮೂರನೆಯ ಆಕ್ಷೇಪ. ಬೆಲೆ ಇಂದಿನ ಕೊಳ್ಳುವವರ ಆಸೆಯ ಅಳತೆ. ಚೀನಾದಲ್ಲಿ ಸಿರಿವಂತಿಕೆ ಬೆಳೆದಂತೆ ಬೇಡಿಕೆ ಪೂರ್ಣ ಗುಚ್ಛಗಳ ಕಡೆಗೆ, ಸುಂದರ ಚಿತ್ರಗಳ ಕಡೆಗೆ, ಪಟ್ಟಿಯಲ್ಲಿ ಹೆಸರಿರುವ ರತ್ನಗಳ ಕಡೆಗೆ ಹರಿಯಿತು. ಗುವಾಂಗ್ಹುವಾ ಅಂಗಡಿಯ ಮಾಸಿದ ಚೀಟಿ, ತಾಯ್ಹಾಂಗ್ ಹೆಸರಿನ ಹರಿದ ನೋಟು, ಜಿಯಾವೊದೊಂಗ್ ಮೊಹರಿನ ಸಣ್ಣ ಮುಖಬೆಲೆ ಇವು ಅದೇ ಬೆಲೆ ತರುವುದಿಲ್ಲ. ಆದರೆ ಒಂದು ರಾಜ್ಯ ಹೇಗೆ ಹಳ್ಳಿಹಳ್ಳಿಯಾಗಿ ಕಟ್ಟಿಕೊಂಡಿತು ಎಂದು ತಿಳಿಯಬೇಕಾದವರಿಗೆ ಹೊಳೆಯುವ ಹೊಸ ಗುಡಾರದ ನೋಟಿಗಿಂತ ಇವು ಹೆಚ್ಚು ಹೇಳುತ್ತವೆ. ಬಳಸಿ ಸವೆದ ನೋಟು ಬಳಸಿದ್ದಕ್ಕೆ ಸಾಕ್ಷಿ. ಗರಿಗರಿಯಾದ ನೋಟಿಗೆ ಆ ಸಾಕ್ಷಿ ಹೇಳಲಾಗದು.

ನಾಲ್ಕನೆಯ ಆಕ್ಷೇಪ ನಕಲಿಗಳದ್ದು. ಮೊದಲ ಸರಣಿಯ ದುಬಾರಿ ನೋಟುಗಳಿಗೂ ಸೋವಿಯತ್ ನೋಟುಗಳಿಗೂ ನಕಲಿಗಳು ಹೇರಳ. ಇಷ್ಟು ಕಲುಷಿತವಾದ ಸಾಮಗ್ರಿಯಿಂದ ಇತಿಹಾಸ ಬರೆಯಬಹುದೇ ಎಂಬ ಶಂಕೆ ಸಹಜ. ಇದಕ್ಕೆ ಉತ್ತರ ಪರೀಕ್ಷೆಯಲ್ಲಿದೆ. ಅಂದಿನ ನೋಟುಗಳು ಕಲ್ಲಚ್ಚು ಅಥವಾ ಲೋಹದ ಪಡಿಯಚ್ಚಿನಿಂದ ಬಂದವು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಗಳು ತುಂಬಿದ ಶಾಯಿಯ ಗೆರೆಗಳಾಗಿಯೇ ಕಾಣಬೇಕು. ಇಂದಿನ ಬಣ್ಣದ ಮುದ್ರಣದ ಚುಕ್ಕೆಗಳ ಜಾಲ ಕಂಡರೆ ಅದು ನಕಲಿ. ಕಾಗದವನ್ನು ಬೆಳ್ಳಗೆ ಕಾಣಿಸುವ ಹೊಳಪುಕಾರಕ ರಾಸಾಯನಿಕಗಳು ಆ ಗುಡ್ಡಗಳ ಕಾಗದದಲ್ಲಿರಲಿಲ್ಲ, ಆದ್ದರಿಂದ ಅತಿನೇರಳೆ ದೀಪದಡಿ ನೀಲಿಯಾಗಿ ಹೊಳೆಯುವ ನೋಟು ಅನುಮಾನಾಸ್ಪದ. ಮೊದಲ ಸರಣಿಯ ಕ್ರಮಸಂಖ್ಯೆಯ ಮುಂದಿರುವ ರೋಮನ್ ಅಂಕಿಗಳ ಆಕಾರ, ಅವು ಕಾಗದದ ಹಿಂಬದಿಯವರೆಗೆ ಒತ್ತಿದ ಗುರುತು, ಮೊಹರಿನ ಕೆಂಪು ಶಾಯಿ ಎಣ್ಣೆಯಂತೆ ಹರಡಿದ ಬಗೆ ಇವನ್ನು ಖಚಿತ ಮೂಲದ ನೋಟಿನೊಂದಿಗೆ ಹೋಲಿಸಬೇಕು. ಮರಳುವಿಕೆಯ ಇತಿಹಾಸ ಇಲ್ಲಿಯೂ ನೆರವಾಗುತ್ತದೆ. ನಾಲ್ಕೇ ವರ್ಷ ಹುಲ್ಲುಗಾವಲಲ್ಲಿ ಓಡಾಡಿ ಬಹುತೇಕ ಪೂರ್ತಿ ಮರಳಿದ ನೋಟು ಹತ್ತಾರು ಗರಿಗರಿಯಾದ ಪ್ರತಿಗಳಲ್ಲಿ, ಅನುಕ್ರಮ ಸಂಖ್ಯೆಗಳಲ್ಲಿ ಒಮ್ಮೆಲೇ ಮಾರಾಟಕ್ಕೆ ಬಂದರೆ ಆ ಇತಿಹಾಸವೇ ಅದನ್ನು ಅಲ್ಲಗಳೆಯುತ್ತದೆ. ಯುದ್ಧಕಾಲದಲ್ಲೇ ಶತ್ರುಗಳು ಅಚ್ಚು ಹಾಕಿಸಿದ ಖೋಟಾ ನೋಟುಗಳ ಮಾತು ಬೇರೆ. ಅವು ಹಣದ ಯುದ್ಧದ ಅಸ್ತ್ರಗಳು, ಹಾಗೆಂದು ಬರೆದಿಟ್ಟು ಸಂಗ್ರಹಿಸಲು ಯೋಗ್ಯ.

ಸಂಗ್ರಹದ ಕ್ರಮ

ಈ ಕ್ಷೇತ್ರಕ್ಕೆ ಕಾಲಿಡುವವರಿಗೆ ಎರಡು ಸೂಚಿಪಟ್ಟಿಗಳು ದಾರಿ ತೋರುತ್ತವೆ. ಜರ್ಮನ್ ವಿದ್ವಾಂಸ ಆಲ್ಬರ್ಟ್ ಪಿಕ್ ಆರಂಭಿಸಿದ ಜಾಗತಿಕ ನೋಟುಗಳ ಪಟ್ಟಿ ಜನತಾ ಬ್ಯಾಂಕಿನ ನೋಟುಗಳಿಗೆ 800ರಿಂದ ಸಂಖ್ಯೆ ಕೊಡುತ್ತದೆ. ಪ್ರಾದೇಶಿಕ ಬ್ಯಾಂಕುಗಳವು ವಿಶೇಷ ಸಂಪುಟದಲ್ಲಿ ಎಸ್ ಅಕ್ಷರದಿಂದ ಆರಂಭವಾಗುವ ಸಂಖ್ಯೆಗಳಲ್ಲಿವೆ. 1970ರಲ್ಲಿ ಬಂದ ವಾರ್ಡ್ ಸ್ಮಿತ್ ಮತ್ತು ಬ್ರಯನ್ ಮ್ಯಾಟ್ರಾವರ್ಸ್ ಅವರ ಚೀನೀ ನೋಟುಗಳ ಗ್ರಂಥ ಇನ್ನೂ ಬಳಕೆಯಲ್ಲಿದೆ. ಪಟ್ಟಿಗಳ ನೆರವಿನಿಂದ ಎಲ್ಲ ವಿನ್ಯಾಸಗಳನ್ನೂ ಕೂಡಿಸಲು ಹೊರಡುವುದಕ್ಕಿಂತ ಒಂದು ಪ್ರದೇಶವನ್ನೋ ಒಂದು ಬ್ಯಾಂಕನ್ನೋ ಆಯ್ದುಕೊಂಡು ಆಳವಾಗಿ ಕೂಡಿಸುವುದು ಲೇಸು. ಉದಾಹರಣೆಗೆ ಬೆಯ್ಹಾಯ್ ಬ್ಯಾಂಕಿನ ಜಿಲ್ಲಾ ಹೆಸರುಗಳ ಸಾಲನ್ನು ಕೂಡಿಸಿದವರು ಶಾನ್‌ಡಾಂಗ್‌ನ ನೆಲೆಗಳ ನಕ್ಷೆಯನ್ನೇ ಕೂಡಿಸಿದಂತಾಗುತ್ತದೆ. ತೊಳೆದು, ಒತ್ತಿ, ಹರಿದ ಕಡೆ ಅಂಟು ಹಾಕಿದ ನೋಟುಗಳು ಮಾರುಕಟ್ಟೆಯಲ್ಲಿ ಸಾಮಾನ್ಯ. ಅಂಥ ದುರಸ್ತಿ ಮಣ್ಣಿನ ಕಲೆಯನ್ನೂ ಮಡಿಕೆಯನ್ನೂ ಅಳಿಸಿ ಸಾಕ್ಷಿಯನ್ನೇ ನಾಶ ಮಾಡುತ್ತದೆ. ಒರಟು ಹುಲ್ಲುಕಾಗದದ ನೋಟನ್ನು ಆಮ್ಲವಿಲ್ಲದ ಪಾಲಿಯೆಸ್ಟರ್ ಹೊದಿಕೆಯಲ್ಲಿ, ನೇರ ಬೆಳಕಿನಿಂದ ದೂರ, ತೇವ ಏರಿಳಿಯದ ಜಾಗದಲ್ಲಿಟ್ಟರೆ ಸಾಕು. ಸಾಧಾರಣ ಪ್ಲಾಸ್ಟಿಕ್ ಹೊದಿಕೆ ಕಾಲಕ್ರಮದಲ್ಲಿ ಶಾಯಿಯನ್ನು ಹೀರಿಕೊಳ್ಳುತ್ತದೆ. ಪ್ರತಿ ನೋಟಿನ ಜೊತೆ ಅದು ಎಲ್ಲಿ, ಯಾರಿಂದ, ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂದು ಬರೆದಿಡಬೇಕು. ಒಂದು ಗೋಡೆಯೊಳಗೆ ಸಿಕ್ಕ ಹತ್ತು ನೋಟುಗಳನ್ನು ಒಟ್ಟಾಗಿ ಇಟ್ಟರೆ ಅವು ಒಂದು ದಾಖಲೆ. ಬಿಡಿಬಿಡಿಯಾಗಿ ಮಾರಿದರೆ ಆ ದಾಖಲೆ ಮತ್ತೆ ಕೂಡಿಬರುವುದಿಲ್ಲ.

ಆದ್ದರಿಂದ ಚೀನೀ ಕಮ್ಯುನಿಸ್ಟ್ ಕಾಲದ ಆರಂಭಿಕ ನೋಟನ್ನು ಕೈಗೆತ್ತಿಕೊಂಡವರು ಅದರ ಮುಖಬೆಲೆ, ಇಸವಿ, ಚಿತ್ರಗಳನ್ನು ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದರ ಜೊತೆಯ ನೋಟುಗಳೆಲ್ಲ ಮರಳಿ ಹೋದಾಗ ಇದು ಏಕೆ ಹೋಗಲಿಲ್ಲ? ಹೆದರಿಕೆಯಿಂದ ಬಚ್ಚಿಟ್ಟದ್ದೋ, ಗಡುವು ತಪ್ಪಿದ್ದೋ, ಬಟ್ಟೆಯಾದ್ದರಿಂದ ಹರಿಯದೆ ಉಳಿದದ್ದೋ, ಬೆಲೆ ಕಳೆದುಕೊಂಡು ಬಿದ್ದಿದ್ದೋ ಎಂಬ ಉತ್ತರವನ್ನು ಬೆಲೆಯ ಮುಂಚೆಯೇ ಬರೆದಿಟ್ಟ ಸಂಗ್ರಹ ಇತಿಹಾಸಕ್ಕೆ ಉಪಯೋಗವಾಗುತ್ತದೆ. 1955ರ ಮೇ 10ರ ನಂತರ ಮೊದಲ ಸರಣಿಯ ನೋಟಿನಿಂದ ಚೀನಾದ ಯಾವ ಅಂಗಡಿಯಲ್ಲೂ ಒಂದು ಹಿಡಿ ಉಪ್ಪನ್ನೂ ಕೊಳ್ಳಲಾಗುತ್ತಿರಲಿಲ್ಲ. ಆ ಗಡುವು ದಾಟಿ ಉಳಿದ ಪ್ರತಿಗಳನ್ನೇ ಇಂದಿನ ಸಂಗ್ರಾಹಕರು ಹುಡುಕುತ್ತಿರುವುದು.